ಉಳವಿ ದಾರಿಯ ವಸ್ತಿಗಳು

ದಾಂಡೇಲಿ ಬಳಿಯ ಕುಳಗಿ ಸೀಮೆಗೆ ಬರುವ ಹೊರಗಿನವರಲ್ಲಿ ಎರಡು ಬಗೆ. ಶುಕ್ರವಾರ ಸಂಜೆ ಹುಬ್ಬಳ್ಳಿ, ಬೆಂಗಳೂರು, ಪುಣೆ, ಗೋವಾ ಕಡೆಯಿಂದ ಕಾರಿನಲ್ಲಿ ಬರುವವರು ಮೊದಲನೆಯ ಬಗೆ. ಅವರು ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದಲ್ಲೋ ಕಾಳಿ ನದಿ ದಂಡೆಯ ರೆಸಾರ್ಟುಗಳಲ್ಲೋ ಇಳಿಯುತ್ತಾರೆ. ಶನಿವಾರ ಸಫಾರಿ, ಗಣೇಶಗುಡಿಯಲ್ಲಿ ರಾಫ್ಟಿಂಗ್. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಗಾಡಿ ಊರ ಕಡೆ ತಿರುಗುತ್ತದೆ. ಎರಡನೆಯ ಬಗೆಯವರು ಮಾಘದಲ್ಲಿ ಮಾತ್ರ ಬರುತ್ತಾರೆ. ಧಾರವಾಡ, ಬೆಳಗಾವಿ, ಗದಗ, ಹಾವೇರಿ ಕಡೆಯ ಒಕ್ಕಲು ಮಕ್ಕಳು. ಹಿಂಗಾರಿ ಬೆಳೆ ಕೈಗೆ ಬರುವ ಹೊತ್ತಿನಲ್ಲಿ, ಎತ್ತಿಗೆ ಜೂಲ ಹೊದಿಸಿ, ಕೊರಳಿಗೆ ಗೆಜ್ಜೆಸರ ಕಟ್ಟಿ, ಚಕ್ಕಡಿ ಹೂಡಿಕೊಂಡು ಉಳವಿ ಚನ್ನಬಸವಣ್ಣನ ಜಾತ್ರೆಗೆ ಹೊರಡುತ್ತಾರೆ. ಚಕ್ಕಡಿ ಇಲ್ಲದವರು ನಡೆದೇ ಬರುತ್ತಾರೆ. ಹಳಿಯಾಳ ದಾಟಿ, ದಾಂಡೇಲಿ ದಾಟಿ, ಪೊಟೋಲಿ, ಗುಂದದ ಕಾಡು ಹಾದು ಉಳವಿ ಮುಟ್ಟುತ್ತಾರೆ.

ನಾನು ಈ ಭಾಗದ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಜನರ ಬಾಯಲ್ಲಿ ನರ್ಸಬಾಯಿ. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಕುಳಗಿಯಿಂದ ಜೋಯಿಡಾದ ಒಳಹಳ್ಳಿಗಳವರೆಗೆ ಕುಣಬಿಯರ ಕೇರಿ, ಗೌಳಿಗರ ದಡ್ಡಿಗಳನ್ನು ಸುತ್ತಿದ್ದೇನೆ. ಜಾತ್ರೆ ಬಂದಾಗ ರಸ್ತೆ ಬದಿಯ ತಾತ್ಕಾಲಿಕ ಚಿಕಿತ್ಸಾ ಕೇಂದ್ರದಲ್ಲಿ ಕುಳಿತು ಯಾತ್ರಿಕರ ಅಂಗಾಲಿನ ಬೊಬ್ಬೆಗಳಿಗೆ ಔಷಧ ಹಚ್ಚಿದ್ದೇನೆ. ಹಾಗಾಗಿ ಈ ದಾರಿಯನ್ನು ನಾನು ನೋಡಿದ್ದು ಕಾಲುಗಳ ಕಡೆಯಿಂದ, ನೀರಿನ ಕಡೆಯಿಂದ. ಈಗ ಎಲ್ಲೆಡೆ ಯಾತ್ರಾಪಥ, ಗ್ರಾಮೀಣ ಪ್ರವಾಸೋದ್ಯಮ ಎಂಬ ಮಾತು ಕೇಳಿಬರುತ್ತಿದೆ. ಅಭಿವೃದ್ಧಿ ಎಂದ ಕೂಡಲೇ ಜನರ ಕಣ್ಣಿಗೆ ಬರುವುದು ಅಗಲವಾದ ರಸ್ತೆ, ಸಿಮೆಂಟಿನ ಕಮಾನು, ವಾಹನ ನಿಲ್ದಾಣ. ಉಳವಿ ದಾರಿಗೆ ಬೇಕಾದದ್ದು ಅದಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ದಾರಿ ಆಗಲೇ ಇದೆ. ಅದಕ್ಕೆ ಬೇಕಾದದ್ದು ರಾತ್ರಿ ತಂಗಲು ಒಳ್ಳೆಯ ವಸ್ತಿಗಳು, ಮತ್ತು ಆ ವಸ್ತಿಗಳು ದಾರಿಯ ಹಳ್ಳಿಯವರ ಕೈಯಲ್ಲಿ ಉಳಿಯುವುದು.

ಈ ದಾರಿಯ ಹಿಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದ ಕ್ರಾಂತಿಯ ನಂತರ ಶರಣರು ದಿಕ್ಕಾಪಾಲಾದರು. ಬಸವಣ್ಣನ ಅಕ್ಕ ನಾಗಮ್ಮನ ಮಗ ಚನ್ನಬಸವಣ್ಣ ಒಂದು ತಂಡವನ್ನು ಕರೆದುಕೊಂಡು, ವಚನದ ಕಟ್ಟುಗಳನ್ನು ಕಾಪಾಡಿಕೊಂಡು, ಪಶ್ಚಿಮಕ್ಕೆ ಈ ಘಟ್ಟದ ಕಾಡಿಗೆ ಬಂದ, ಉಳವಿಯಲ್ಲಿ ಐಕ್ಯನಾದ ಎಂಬುದು ಶರಣ ಪರಂಪರೆಯ ನಂಬಿಕೆ. ಉಳವಿಯ ಸುತ್ತ ಅಕ್ಕನಾಗಮ್ಮನ ಗವಿ, ಮಹಾಮನೆಯ ಗವಿ, ಹರಳಯ್ಯನ ಚಿಲುಮೆ, ವಿಭೂತಿ ಕಣಜ ಎಂದು ಜನ ತೋರಿಸುವ ತಾಣಗಳಿವೆ. ಜಾತ್ರೆಯ ದಿನ ತೇರು ನೋಡಿ ಬಸ್ಸು ಹತ್ತುವವರಲ್ಲಿ ಹೆಚ್ಚಿನವರು ಇವನ್ನು ನೋಡುವುದೇ ಇಲ್ಲ. ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು, ಬಗ್ಗಿ ನುಗ್ಗಬೇಕು. ಅದಕ್ಕೆ ಒಂದು ರಾತ್ರಿಯಾದರೂ ಉಳಿಯಬೇಕು.

ಚಕ್ಕಡಿ ಯಾತ್ರೆಯ ಲೆಕ್ಕ ಕೇಳಿ. ಧಾರವಾಡದಿಂದ ಉಳವಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಎತ್ತು ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರು ನಡೆಯುತ್ತದೆ. ಬಿಸಿಲೇರಿದ ಮೇಲೆ ಅದನ್ನು ಹೊಡೆಯಬಾರದು. ಹಾಗಾಗಿ ನಸುಕಿನಲ್ಲಿ ಹೂಡಿ, ಹೊತ್ತು ನೆತ್ತಿಗೆ ಬರುವ ಮೊದಲು ಕೊಳ್ಳ ಹರಿದು, ನೀರು ಕುಡಿಸಿ, ಕಣಿಕೆ ಹಾಕಿ, ಇಳಿಹೊತ್ತಿನಲ್ಲಿ ಮತ್ತೆ ಹೂಡುತ್ತಾರೆ. ಹೀಗೆ ಹೋದರೆ ಒಂದು ದಿಕ್ಕಿಗೆ ನಾಲ್ಕೈದು ದಿನ. ಪ್ರತಿ ರಾತ್ರಿ ಎಲ್ಲೋ ಒಂದು ಕಡೆ ವಸ್ತಿ. ಚಕ್ಕಡಿಯಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಾದಲಿ, ಉಪ್ಪಿನಕಾಯಿ ಇರುತ್ತವೆ. ಆದರೆ ನೀರು ಇರುವುದಿಲ್ಲ, ಹಾಲು ಇರುವುದಿಲ್ಲ, ಒಮ್ಮೊಮ್ಮೆ ಮೇವು ಅರ್ಧ ದಾರಿಗೇ ಮುಗಿಯುತ್ತದೆ. ಅಲ್ಲಿಂದಲೇ ಹಳ್ಳಿಗೂ ಯಾತ್ರೆಗೂ ನಂಟು ಶುರುವಾಗುವುದು.

ಹಳೆಯ ಯಾತ್ರಿಕರಿಂದ ಕೇಳಿದ್ದೇನೆ: ಮೊದಲೆಲ್ಲ ರೊಕ್ಕ ಓಡಾಡುತ್ತಿದ್ದುದು ಕಡಿಮೆ. ಬಯಲುಸೀಮೆಯ ಚಕ್ಕಡಿಯವರು ಜೋಳ, ಶೇಂಗಾ, ಕುಸುಬಿ ಎಣ್ಣೆ ಕೊಡುತ್ತಿದ್ದರು. ಕಾಡಿನವರು ಹುಲ್ಲು, ಮಜ್ಜಿಗೆ, ಅಕ್ಕಿ ಕೊಡುತ್ತಿದ್ದರು. ವರ್ಷ ವರ್ಷ ಅದೇ ಮನೆಯ ಅಂಗಳ, ಅದೇ ಮನೆತನ. ಒಬ್ಬ ಅಜ್ಜ ನನ್ನ ಬಳಿ ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ, "ನರ್ಸಬಾಯಿ, ನಮ್ಮ ಅಪ್ಪ ಬಂದಾಗ ಎತ್ತು ಕಟ್ಟಿದ ಗೂಟದಾಗ ನಾನೂ ಎತ್ತು ಕಟ್ಟೀನಿ. ಆ ಮನಿ ಮುದುಕಿ ನನ್ನ ಹೆಸರ ಹಿಡದು ಕರೀತಿದ್ಲು. ಈಗ ಆಕೀನೂ ಇಲ್ಲ, ಅಂಗಳಾನೂ ಇಲ್ಲ" ಎಂದಿದ್ದ. ಮುದುಕಿ ತೀರಿಕೊಂಡಿದ್ದು ಸಹಜ. ಅಂಗಳ ಹೋದದ್ದು ಸಹಜವಲ್ಲ.

ಚಕ್ಕಡಿಗಳು ಕಡಿಮೆಯಾಗುತ್ತ ಬಂದವು. ಹೊಲದಲ್ಲೇ ಎತ್ತು ಇಲ್ಲವಾದ ಮೇಲೆ ಜಾತ್ರೆಗೆ ಎತ್ತು ಎಲ್ಲಿಂದ ಬರಬೇಕು? ಟ್ರ್ಯಾಕ್ಟರ್ ಬಂತು, ಟೆಂಪೊ ಬಂತು, ಕಾರು ಬಂತು. ಬೆಳಿಗ್ಗೆ ಊರು ಬಿಟ್ಟವರು ಮಧ್ಯಾಹ್ನ ಉಳವಿಯಲ್ಲಿ ಕಾಯಿ ಒಡೆಸಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಜನ ಕಡಿಮೆಯಾಗಿಲ್ಲ. ಆದರೆ ನಡುವಿನ ಹಳ್ಳಿಗಳಿಗೆ ಅವರು ಕಿಟಕಿಯಿಂದ ಕಂಡ ಮುಖಗಳಷ್ಟೇ. ಹಳ್ಳಿಯವರಿಗೆ ಸಿಗುವುದು ಧೂಳು, ಹಾರ್ನಿನ ಸದ್ದು, ರಸ್ತೆ ಬದಿಗೆ ಎಸೆದ ನೀರಿನ ಬಾಟಲಿ. ಕಾರಿನಲ್ಲಿ ಬಂದವರ ಭಕ್ತಿ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಮಂಡಿನೋವಿನವರು, ಕೂಲಿ ಬಿಟ್ಟು ಬರಲಾಗದವರು, ಕೈಗೂಸಿನ ತಾಯಂದಿರು ಇನ್ನು ಹೇಗೆ ಬರಬೇಕು? ನನ್ನ ಮಾತು ಹಣದ ಬಗ್ಗೆ. ನಡೆಯುವ ಮನುಷ್ಯನಿಗೆ ದಿನಕ್ಕೆ ಮೂರು ಹೊತ್ತು ಹಸಿವಾಗುತ್ತದೆ, ಹತ್ತು ಸಲ ಬಾಯಾರುತ್ತದೆ, ರಾತ್ರಿ ಬೆನ್ನು ಚಾಚಲು ಜಾಗ ಬೇಕಾಗುತ್ತದೆ. ಅಷ್ಟೂ ಸಲ ಅವನ ಕೈ ಕಿಸೆಗೆ ಹೋಗುವುದು ದಾರಿಯ ಹಳ್ಳಿಯಲ್ಲಿ. ರೆಸಾರ್ಟಿಗೆ ಬಂದವರ ದುಡ್ಡು ಒಂದೇ ಬಾಗಿಲಲ್ಲಿ ಬೀಳುತ್ತದೆ. ಆ ಬಾಗಿಲಿನ ಯಜಮಾನ ಎಷ್ಟೋ ಸಲ ಈ ಜಿಲ್ಲೆಯವನೂ ಆಗಿರುವುದಿಲ್ಲ. ಸ್ಥಳೀಯ ಹುಡುಗರಿಗೆ ಸಿಗುವುದು ಪಾತ್ರೆ ತೊಳೆಯುವ, ಬೋಟು ಎಳೆಯುವ ಸಂಬಳ.

ಇದನ್ನು ಬೇರೆ ದೇಶಗಳವರು ಬಹಳ ಹಿಂದೆಯೇ ಅರಿತಿದ್ದಾರೆ. ಸ್ಪೇನಿನಲ್ಲಿ ಸಂತ ಯಾಕೋಬನ ಸಮಾಧಿ ಇದೆ ಎಂದು ನಂಬುವ ಸಾಂತಿಯಾಗೊ ದೆ ಕಾಂಪೊಸ್ತೆಲಾ ಎಂಬ ಊರಿದೆ. ಮಧ್ಯಯುಗದಲ್ಲಿ ಯುರೋಪಿನ ಮೂಲೆಮೂಲೆಯಿಂದ ಅಲ್ಲಿಗೆ ನಡೆದು ಹೋಗುತ್ತಿದ್ದರು. ಆಮೇಲೆ ಆ ರೂಢಿ ಹೆಚ್ಚುಕಡಿಮೆ ಸತ್ತೇಹೋಗಿತ್ತು. 1980ರ ದಶಕದ ನಡುವಿನಲ್ಲಿ ವರ್ಷಕ್ಕೆ ಎರಡು-ಮೂರು ಸಾವಿರ ಯಾತ್ರಿಕರೂ ಸಾಂತಿಯಾಗೊದಲ್ಲಿ ದಾಖಲಾಗುತ್ತಿರಲಿಲ್ಲ. 1993ರಲ್ಲಿ ಯುನೆಸ್ಕೊ ಆ ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2023ರಲ್ಲಿ ಬಂದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಅದಕ್ಕಾಗಿ ಅವರು ಹೊಸ ಹೆದ್ದಾರಿ ಕಟ್ಟಲಿಲ್ಲ. ಕಲ್ಲಿನ ಮೇಲೆ, ಗೋಡೆಯ ಮೇಲೆ ಹಳದಿ ಬಾಣದ ಗುರುತು ಬರೆದರು. ಹಳ್ಳಿಗಳಲ್ಲಿ ಸರಳವಾದ ಛತ್ರಗಳನ್ನು ತೆರೆದರು. ಯಾತ್ರಿಕನ ಕೈಗೆ ಒಂದು ಪುಸ್ತಿಕೆ ಕೊಟ್ಟರು. ಪ್ರತಿ ಊರಿನಲ್ಲಿ ಅದಕ್ಕೆ ಒಂದು ಮುದ್ರೆ ಒತ್ತಿಸಿಕೊಳ್ಳಬೇಕು. ಕೊನೆಯ ನೂರು ಕಿಲೋಮೀಟರನ್ನಾದರೂ ನಡೆದಿದ್ದರೆ ಮಾತ್ರ ಪ್ರಮಾಣಪತ್ರ. ಇದರಿಂದ ಒಂದು ತೊಂದರೆಯೂ ಹುಟ್ಟಿತು: ಆ ಕೊನೆಯ ನೂರು ಕಿಲೋಮೀಟರು ಆರಂಭವಾಗುವ ಸಾರಿಯಾ ಊರಿನಿಂದ ಮುಂದೆ ವಿಪರೀತ ಜನದಟ್ಟಣೆ, ಹಿಂದಿನ ಊರುಗಳಲ್ಲಿ ಅಷ್ಟಿಲ್ಲ. ನಿಯಮ ಎಲ್ಲಿ ಗೆರೆ ಎಳೆಯುತ್ತದೋ ಜನ ಅಲ್ಲಿಂದಲೇ ನಡೆಯುತ್ತಾರೆ ಎಂಬುದನ್ನು ನಾವೂ ನೆನಪಿಡಬೇಕು.

ಜಪಾನಿನ ಕುಮಾನೊ ಕೊದೊ ನಮಗೆ ಇನ್ನೂ ಹತ್ತಿರದ ಉದಾಹರಣೆ. ಅದೂ ನಮ್ಮ ಹಾಗೆ ಮಳೆ ಹೆಚ್ಚಿರುವ ಕಾಡುಬೆಟ್ಟಗಳ ದಾರಿ. ದೊಡ್ಡ ಊರುಗಳಿಲ್ಲ, ಮುದುಕರೇ ಉಳಿದಿರುವ ಹಳ್ಳಿಗಳು. 2004ರಲ್ಲಿ ಅದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ತನಾಬೆ ಎಂಬ ಊರಿನವರು ತಮ್ಮದೇ ಪ್ರವಾಸೋದ್ಯಮ ಸಂಸ್ಥೆ ಮಾಡಿಕೊಂಡು ಹಳ್ಳಿಮನೆಗಳ ಕೋಣೆಗಳನ್ನು ಒಂದೇ ಕಡೆ ಕಾಯ್ದಿರಿಸುವ ವ್ಯವಸ್ಥೆ ಮಾಡಿದರು. ಯಾತ್ರಿಕ ನಡೆಯುತ್ತಾನೆ, ಅವನ ಗಂಟು ಮುಂದಿನ ಊರಿಗೆ ಗಾಡಿಯಲ್ಲಿ ಹೋಗುತ್ತದೆ. ಕಾಯ್ದಿರಿಸುವ ಈ ಒಂದು ಕೆಲಸ ಹಳ್ಳಿಯವರ ಕೈಯಲ್ಲಿದ್ದರೆ ಅರ್ಧ ಗೆದ್ದ ಹಾಗೆ. ಅದು ಹೊರಗಿನ ಏಜೆಂಟನ ಕೈಗೆ ಹೋದರೆ ಮನೆಯವರು ತಮ್ಮ ಮನೆಯಲ್ಲೇ ಕೂಲಿಯಾಳುಗಳಾಗುತ್ತಾರೆ.

ಅಷ್ಟು ದೂರ ಯಾಕೆ, ಯುಗಾದಿಗೆ ನಮ್ಮ ಉತ್ತರ ಕರ್ನಾಟಕದ ಜನ ಶ್ರೀಶೈಲಕ್ಕೆ ನಡೆಯುವುದಿಲ್ಲವೇ? ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಹೊರಟು, ಕೊನೆಗೆ ನಲ್ಲಮಲದ ಕಾಡನ್ನು ಹಾದು, ಭೀಮನ ಕೊಳ್ಳ ಇಳಿದು ಹತ್ತಿ, ಕೈಲಾಸದ್ವಾರಕ್ಕೆ ಬರುತ್ತಾರೆ. ಆ ಕಾಡೂ ಹುಲಿ ಸಂರಕ್ಷಿತ ಪ್ರದೇಶವೇ. ದಾರಿಯುದ್ದಕ್ಕೂ ಭಕ್ತರೇ ದಾಸೋಹ ನಡೆಸುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಯಾತ್ರೆಗೆ ಶಿಸ್ತು ತರಲು ಸರಕಾರವೇ ಬರಬೇಕೆಂದಿಲ್ಲ. ಮಾಡುವವರು ನಮ್ಮಲ್ಲೇ ಇದ್ದಾರೆ.

ಹಾಗಾದರೆ ಉಳವಿ ದಾರಿಯ ವಸ್ತಿಗೆ ಏನು ಬೇಕು? ನನ್ನ ಕೆಲಸದ ಅನುಭವ ಹೇಳುವುದು ಇಷ್ಟು. ಮೊದಲನೆಯದು ನೀರು. ಜಾತ್ರೆಯ ದಿನಗಳಲ್ಲಿ ನನ್ನ ಬಳಿ ಬರುತ್ತಿದ್ದವರಲ್ಲಿ ಬೊಬ್ಬೆಯವರ ನಂತರ ಹೆಚ್ಚು ವಾಂತಿಭೇದಿಯವರೇ. ಮಾಘದ ಹೊತ್ತಿಗೆ ಹಳ್ಳದ ನೀರು ಇಳಿದಿರುತ್ತದೆ. ಅಲ್ಲಲ್ಲಿ ನಿಂತ ಗುಂಡಿ. ಮೇಲಿನ ಗುಂಡಿಯಲ್ಲಿ ಎತ್ತು ಮೈ ತೊಳೆದರೆ ಕೆಳಗಿನ ಗುಂಡಿಯಲ್ಲಿ ಮನುಷ್ಯ ಕುಡಿಯುತ್ತಾನೆ. ಹತ್ತಾರು ಕಿಲೋಮೀಟರಿಗೊಂದು ಮುಚ್ಚಿದ ಬಾವಿ, ಅದಕ್ಕೆ ಕೈಪಂಪು, ಅದರಿಂದ ದೂರದಲ್ಲಿ ಎತ್ತಿಗೆ ಕಲ್ಲಿನ ದೋಣಿ. ಇಷ್ಟನ್ನು ಮಾಡಿದರೆ ಓಆರ್‌ಎಸ್ ಪೊಟ್ಟಣದ ಖರ್ಚೇ ಇಳಿಯುತ್ತದೆ. ಆ ಬಾವಿ ವರ್ಷದ ಉಳಿದ ದಿನಗಳಲ್ಲೂ ಆ ಕೇರಿಯ ಹೆಂಗಸರಿಗೆ ನೀರು ಕೊಡುತ್ತದೆ. ಯಾತ್ರಿಕರಿಗಾಗಿ ಮಾಡಿದ್ದು ಊರಿಗೂ ಒದಗಬೇಕು. ಊರಿಗೆ ಒದಗದ ಕಟ್ಟಡ ಮರುವರ್ಷಕ್ಕೆ ಪಾಳು ಬೀಳುತ್ತದೆ. ಬೀಗ ತುಕ್ಕು ಹಿಡಿದ ಯಾತ್ರಿ ನಿವಾಸಗಳನ್ನು ರಾಜ್ಯದ ಎಷ್ಟೋ ಕ್ಷೇತ್ರಗಳಲ್ಲಿ ಓದುಗರೂ ನೋಡಿರುತ್ತೀರಿ.

ಎರಡನೆಯದು ಶೌಚ. ಇದನ್ನು ಬರೆಯಲು ಜನ ಸಂಕೋಚಪಡುತ್ತಾರೆ, ನಾನು ಪಡುವುದಿಲ್ಲ. ಹೆಣ್ಣುಮಕ್ಕಳು ದಾರಿಯಲ್ಲಿ ಹೊರಕಡೆಗೆ ಹೋಗಬೇಕಾಗುತ್ತದೆಂದು ನೀರು ಕುಡಿಯದೇ ನಡೆಯುತ್ತಾರೆ. ಬಿಸಿಲಲ್ಲಿ ತಲೆಸುತ್ತಿ ಬೀಳುತ್ತಾರೆ, ಉರಿಮೂತ್ರ ಹಚ್ಚಿಕೊಂಡು ಊರಿಗೆ ಹೋಗುತ್ತಾರೆ. ಗಂಡಸರು ಯೋಜನೆ ಮಾಡುವ ಕಡೆ ಈ ಮಾತು ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಜಾತ್ರೆಯ ದಿನಗಳಿಗೆ ತೆಗೆದು ಮತ್ತೆ ಮುಚ್ಚುವ ಗುಂಡಿ ಶೌಚಾಲಯ, ತಟ್ಟಿ ಮರೆ, ಒಂದು ಬಕೆಟ್ಟು ನೀರು, ಕಾಯಲು ಆ ಊರಿನದೇ ಇಬ್ಬರು ಹೆಂಗಸರು. ಅವರಿಗೆ ದಿನಗೂಲಿ. ಕಾಂಕ್ರೀಟಿನ ಅಗತ್ಯವೇ ಇಲ್ಲ.

ಮೂರನೆಯದು ಊಟ. ಇಲ್ಲಿ ನಮ್ಮ ಕುಣಬಿ ಹೆಂಗಸರ ಕೈಗುಣವನ್ನು ಲೋಕ ಇನ್ನೂ ಸರಿಯಾಗಿ ಅರಿತಿಲ್ಲ. ಜೋಯಿಡಾದ ಕುಣಬಿಯರು ಬೆಳೆಯುವಷ್ಟು ಬಗೆಯ ಗೆಡ್ಡೆಗೆಣಸು ಬೇರೆಡೆ ಸಿಗುವುದು ಕಷ್ಟ. ಮುಡ್ಲಿ, ಕೋನ, ಕಣಗ, ಅವುಗಳಲ್ಲೇ ಒಳಜಾತಿಗಳು. ಜೋಯಿಡಾದಲ್ಲಿ ಗೆಡ್ಡೆಗೆಣಸಿನ ಮೇಳವೇ ನಡೆಯುತ್ತದೆ. ಮನೆಯ ಹಿತ್ತಲಿನಲ್ಲಿ ಮಳೆಗಾಲಕ್ಕೆ ನೆಟ್ಟಿದ್ದು ಚಳಿಗಾಲದಲ್ಲಿ ಕೀಳಲು ಬರುತ್ತದೆ, ಎಂದರೆ ಜಾತ್ರೆಯ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಗೆಡ್ಡೆ ಇರುತ್ತದೆ. ಕೆಂಡದಲ್ಲಿ ಸುಟ್ಟ ಕಣಗ, ಮುಡ್ಲಿಯ ಪಲ್ಯ, ಕೆಂಪಕ್ಕಿ ಗಂಜಿ, ಅದರ ಜೊತೆ ಗೌಳಿಗರ ಎಮ್ಮೆಯ ಮೊಸರು. ಬಯಲುಸೀಮೆಯವರು ಜೋಳದ ರೊಟ್ಟಿ ತಿಂದವರು, ಅವರಿಗೆ ಇದು ಹೊಸ ರುಚಿ. ಹೊಟ್ಟೆಗೂ ಹಗುರ, ನಡೆಯಲು ಬಲ. ಆದರೆ ಹೊರಗಿನವರು ಬಂದ ಕೂಡಲೇ ನಮ್ಮವರು ನಾಚಿಕೊಂಡು ಪೊಟ್ಟಣದ ನೂಡಲ್ಸ್ ಮಾಡಿಕೊಡುತ್ತಾರೆ. "ಇದು ಬಡವರ ಊಟ ಬಾಯಿ, ದೊಡ್ಡವರಿಗೆ ಹೆಂಗೆ ಬಡಿಸೋದು?" ಎಂದು ಕುಣಬಿ ಹೆಂಗಸೊಬ್ಬಳು ನನ್ನನ್ನು ಕೇಳಿದ್ದಳು. ಬಡಿಸಿ ನೋಡು ಎಂದೆ. ಸಕ್ಕರೆ ಕಾಯಿಲೆಯವರಿಗೆ ಆ ನೂಡಲ್ಸಿಗಿಂತ ನಿನ್ನ ಮುಡ್ಲಿಯನ್ನೇ ನಾನು ಹೇಳುತ್ತೇನೆ ಎಂದೆ. ಅವಳು ನಕ್ಕಳು, ಆದರೆ ಮುಂದಿನ ಜಾತ್ರೆಗೆ ಸ್ವಸಹಾಯ ಸಂಘದ ಹೆಂಗಸರನ್ನು ಕೂಡಿಸಿಕೊಂಡು ಗೆಡ್ಡೆ ಬೇಯಿಸಿ ಬುಟ್ಟಿಯಲ್ಲಿಟ್ಟುಕೊಂಡು ರಸ್ತೆಗೆ ಬಂದಳು. ಬುಟ್ಟಿ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ.

ಮಲಗುವ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಗಣಿ ಸಾರಿಸಿದ ಜಗಲಿ, ಚಾಪೆ, ಕಂಬಳಿ, ಸೊಳ್ಳೆಪರದೆ, ಹಾವು-ಚೇಳಿಗೆ ಒಂದು ದೀಪ. ಮನೆಗೆ ನಾಲ್ಕು ಜನಕ್ಕಿಂತ ಹೆಚ್ಚು ಬೇಡ.

ಇನ್ನು ಕಾಡಿನ ಮಾತು. ಇಲ್ಲಿ ನಾನು ಕಟ್ಟುನಿಟ್ಟಿನವಳು. ದಾಂಡೇಲಿ ವನ್ಯಜೀವಿಧಾಮ ಘೋಷಣೆಯಾದದ್ದು 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ. ಎರಡನ್ನೂ ಕೂಡಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಕುಳಗಿ, ಫಣಸೋಲಿ, ಗುಂದ ಇವೆಲ್ಲ ಆ ಹುಲಿ ಕಾಡಿನ ವಲಯಗಳ ಹೆಸರುಗಳೂ ಹೌದು. ಜಾತ್ರೆ, ಶಿವರಾತ್ರಿ ಎರಡೂ ಬರುವುದು ಎಲೆ ಉದುರಿದ ಒಣಗಾಲದಲ್ಲಿ. ಸಾಗವಾನಿ, ಮತ್ತಿ, ಬಿದಿರಿನ ತರಗೆಲೆ ಮೊಣಕಾಲುದ್ದ ಬಿದ್ದಿರುತ್ತದೆ. ಚಹಾ ಕಾಸಿದ ಒಲೆಯ ಕೆಂಡ, ಸೇದಿ ಬಿಸಾಕಿದ ಬೀಡಿ, ಎರಡರಲ್ಲಿ ಯಾವುದೊಂದು ಸಾಕು. ಅದೇ ಹೊತ್ತಿಗೆ ಮಂಗಟ್ಟೆ ಹಕ್ಕಿಗಳು ಗೂಡು ಕಟ್ಟಿರುತ್ತವೆ. ದಾಂಡೇಲಿ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಕುಳಿತು ಬಾಯಿಯನ್ನು ಮೆತ್ತಿ ಮುಚ್ಚಿಕೊಂಡುಬಿಡುತ್ತದೆ, ಕೊಕ್ಕು ಹೊರಬರುವಷ್ಟು ಸೀಳು ಮಾತ್ರ. ವಾರಗಟ್ಟಲೆ ಅದಕ್ಕೂ ಮರಿಗೂ ಗಂಡೇ ಹಣ್ಣು ತಂದು ಉಣಿಸಬೇಕು. ಆ ಗಂಡು ಧ್ವನಿವರ್ಧಕದ ಸದ್ದಿಗೋ ಗುಂಪಿಗೋ ಹೆದರಿ ಬಾರದೇ ಹೋದರೆ ಒಳಗಿರುವ ಜೀವಗಳ ಗತಿ ಏನು? ಬಾಣಂತಿಯರ ಆರೈಕೆಯಲ್ಲಿ ಆಯುಷ್ಯ ಕಳೆದ ನನಗೆ ಈ ಹಕ್ಕಿಯ ಮೇಲೆ ಹೆಚ್ಚಿನ ಮಮತೆ. ಹಾಗಾಗಿ ಕಾಡಿನ ಭಾಗದಲ್ಲಿ ಡಿಜೆ ಬೇಡ, ಮೈಕು ಬೇಡ. ಹರಹರ ಮಹಾದೇವ ಎಂದು ಬಾಯಿಂದ ಕೂಗಿದರೆ ಸಾಕು, ಕಾಡು ಅದನ್ನು ಎಂಟು ನೂರು ವರ್ಷಗಳಿಂದ ಸಹಿಸಿಕೊಂಡಿದೆ.

ಹುಲಿ ಪ್ರದೇಶಗಳ ಪ್ರವಾಸೋದ್ಯಮಕ್ಕೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮುಖ್ಯ ಆವಾಸದ ಶೇಕಡಾ 20ಕ್ಕಿಂತ ಹೆಚ್ಚಿನ ಜಾಗ ಪ್ರವಾಸಿಗರಿಗೆ ತೆರೆದಿರಬಾರದು ಎಂಬುದು ಅದರ ಒಂದು ಮುಖ್ಯ ಮಾತು. ಹಾಗಾಗಿ ಉಳವಿ ದಾರಿಯಲ್ಲೂ ಕಾಡಿನೊಳಗೆ ಹೊಸ ಕಟ್ಟಡ, ಹೊಸ ಕಾಲುದಾರಿ ಬೇಡವೇ ಬೇಡ. ವಸ್ತಿಗಳೆಲ್ಲ ಈಗಾಗಲೇ ಜನವಸತಿ ಇರುವ ಊರುಗಳಲ್ಲಿ, ನಡಿಗೆ ಹಗಲಿನಲ್ಲಿ, ಕಾಡಿನ ತುಂಡನ್ನು ದಾಟುವಾಗ ಆ ಊರಿನ ಹುಡುಗ-ಹುಡುಗಿಯರೇ ಮಾರ್ಗದರ್ಶಕರು. ಕುಮಾರಪರ್ವತಕ್ಕೆ 2024ರ ಜನವರಿಯಲ್ಲಿ ಒಮ್ಮೆಗೇ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣದ ದಾರಿಗಳಿಗೆ ದಿನಕ್ಕೆ 300 ಜನ ಎಂಬ ಮಿತಿ ತಂದು, ಮೊದಲೇ ಹೆಸರು ನೋಂದಾಯಿಸುವ ಪದ್ಧತಿ ಮಾಡಿತು. ಯಾತ್ರೆಯ ದಿನಗಳ ಹೊರಗೆ, ವರ್ಷದ ಉಳಿದ ಕಾಲದಲ್ಲಿ ಉಳವಿ ದಾರಿ ನಡೆಯಬಯಸುವವರಿಗೆ ಇಂಥ ಮಿತಿ ಒಳ್ಳೆಯದೇ. ಅಕ್ಟೋಬರಿನಿಂದ ಜನವರಿಯವರೆಗೆ ಹಳ್ಳಗಳಲ್ಲಿ ನೀರಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಜಾತ್ರೆಯ ಒಂದು ವಾರಕ್ಕೆ ಬೀಳುವ ಭಾರವನ್ನು ನಾಲ್ಕು ತಿಂಗಳಿಗೆ ಹರಡಿದರೆ ಹಳ್ಳಿಗೆ ಆದಾಯ ಸ್ಥಿರವಾಗುತ್ತದೆ, ಕಾಡಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಈ ಸೀಮೆಯ ಇನ್ನೊಂದು ಕ್ಷೇತ್ರದ ಬಗ್ಗೆ ಮಾತ್ರ ನನ್ನ ನಿಲುವು ಬೇರೆ. ದಾಂಡೇಲಿಯಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ, ದಟ್ಟ ಕಾಡಿನೊಳಗೆ ಕವಳಾ ಗುಹೆ ಇದೆ. ಶಿವರಾತ್ರಿಗೆ ಇಲ್ಲಿಗೆ ಸಾವಿರಾರು ಜನ ಹೋಗುತ್ತಾರೆ. ಮೆಟ್ಟಿಲಿಳಿದು, ಕತ್ತಲಲ್ಲಿ ತೆವಳಿ ಒಳಗೆ ಹೋದರೆ ನೆಲದಿಂದ ತಾನಾಗಿ ಎದ್ದ ಲಿಂಗ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಗುಹೆಯ ಮಾಡಿನಿಂದ ಹನಿಯುತ್ತದೆ. ಪ್ರತಿ ಹನಿಯೂ ಕಾಣದಷ್ಟು ಸುಣ್ಣವನ್ನು ಕೆಳಗೆ ಬಿಟ್ಟುಹೋಗುತ್ತದೆ. ಇಂಥ ಕಲ್ಲುಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಎಂದರೆ ಚನ್ನಬಸವಣ್ಣ ಈ ಕಾಡಿಗೆ ಬಂದ ಕಾಲಕ್ಕೂ ಆ ಲಿಂಗ ಇದ್ದಿರಬಹುದು. ಕೈಯ ಜಿಡ್ಡು ಹತ್ತಿದ ಕಡೆ ನೀರು ನಿಲ್ಲದೆ ಜಾರುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಹಾಲಿನ ಅಭಿಷೇಕ ಬೂಷ್ಟು ಬೆಳೆಸುತ್ತದೆ, ಕರ್ಪೂರದ ಮಸಿ ಕಲ್ಲಿಗೆ ಹತ್ತುತ್ತದೆ, ಹೊಗೆಗೆ ಬಾವಲಿಗಳು ಗುಹೆ ಬಿಡುತ್ತವೆ. ಕವಳಾಗೆ ಬೇಕಾದದ್ದು ದೊಡ್ಡ ರಸ್ತೆಯಲ್ಲ, ಒಳಗೆ ವಿದ್ಯುತ್ ದೀಪವಲ್ಲ. ಈಗಿನಂತೆ ಶಿವರಾತ್ರಿಯ ಹೊತ್ತಿಗೆ ಮಾತ್ರ ತೆರೆಯಲಿ. ಪೂಜೆ ಗುಹೆಯ ಬಾಯಲ್ಲಿ ಆಗಲಿ. ಒಳಗೆ ಹೋದವರು ಕೈ ಮುಗಿದು ಬರಲಿ, ಮುಟ್ಟದೆ. ಶಿವನೇ ಹನಿ ಹನಿಯಾಗಿ ಅಭಿಷೇಕ ಮಾಡಿಕೊಳ್ಳುತ್ತಿರುವಾಗ ನಮ್ಮ ಚೊಂಬಿನ ಹಾಲು ಅಲ್ಲಿಗೆ ಬೇಕಾಗಿಲ್ಲ.

ಇದನ್ನೆಲ್ಲ ಯಾರು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಉಳವಿಯ ದೇವಸ್ಥಾನದ ಆಡಳಿತ, ಅರಣ್ಯ ಇಲಾಖೆ, ದಾರಿಯ ಗ್ರಾಮ ಪಂಚಾಯ್ತಿಗಳು, ಈ ಮೂವರು ಒಂದೇ ಜಮಖಾನೆಯ ಮೇಲೆ ಕೂರಬೇಕು. ಅವರ ಜೊತೆ ನಾಲ್ಕನೆಯವರಾಗಿ ಕೇರಿಯ ಹೆಂಗಸರು ಕೂರಲೇಬೇಕು. ಪರಿಸರ ಅಭಿವೃದ್ಧಿ ಸಮಿತಿ, ಸ್ವಸಹಾಯ ಸಂಘ ಎಲ್ಲವೂ ಹೆಸರಿಗೆ ಇವೆ, ಹೊಸದಾಗಿ ಹುಟ್ಟಿಸಬೇಕಿಲ್ಲ. ಚಕ್ಕಡಿ ತಂಡಗಳ ಹಿರಿಯರನ್ನೂ ಕರೆಯಬೇಕು. ಎಲ್ಲಿ ನೀರು, ಎಲ್ಲಿ ಏರು, ಎಲ್ಲಿ ಎತ್ತು ಮುಗ್ಗರಿಸುತ್ತದೆ ಎಂಬುದು ನಕ್ಷೆ ಬರೆಯುವವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸ್ಪೇನಿನವರ ಹಾಗೆ ಒಂದು ಯಾತ್ರಾ ಪುಸ್ತಿಕೆ ಮಾಡಿ, ಪ್ರತಿ ವಸ್ತಿಯಲ್ಲೂ ಮುದ್ರೆ ಒತ್ತಿಸಿ, ಉಳವಿಯಲ್ಲಿ ಅದಕ್ಕೊಂದು ಪ್ರಸಾದ ಕೊಡಲಿ. ಹಾಗೆ ಮಾಡಿದರೆ ನಡುವಿನ ಊರುಗಳಲ್ಲಿ ಇಳಿಯಲು ಜನರಿಗೆ ಒಂದು ಕಾರಣ ಸಿಗುತ್ತದೆ.

ನನಗಿರುವ ಒಂದು ಭಯವನ್ನೂ ಹೇಳಬೇಕು. ದಾರಿ ಹೆಸರಾದ ಕೂಡಲೇ ಅದರ ಪಕ್ಕದ ಜಮೀನಿಗೆ ಬೆಲೆ ಬರುತ್ತದೆ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ಎದ್ದು ಬಂದವರ ಮಕ್ಕಳು ಇಲ್ಲಿದ್ದಾರೆ. ಹುಲಿ ಯೋಜನೆಯ ಪರಿಹಾರ ಪಡೆದು ಕಾಡಿನಿಂದ ಹೊರಬಂದ ಮನೆಗಳಿವೆ. ತಲೆಮಾರಿನಿಂದ ಉಳುತ್ತಿದ್ದರೂ ಕೈಯಲ್ಲಿ ಪಟ್ಟಾ ಇಲ್ಲದವರಿದ್ದಾರೆ. ಯಾತ್ರೆಯ ಹೆಸರಿನಲ್ಲಿ ಅವರನ್ನು ಇನ್ನೊಮ್ಮೆ ಎಬ್ಬಿಸುವ ಹಾಗಾಗಬಾರದು. ವಸ್ತಿ ನಡೆಸುವ ಪರವಾನಗಿ ಆ ಊರಿನಲ್ಲಿ ಹುಟ್ಟಿ ಬೆಳೆದು ಅಲ್ಲೇ ಮಲಗುವವರಿಗೆ ಮಾತ್ರ ಎಂಬ ಒಂದು ಸಾಲು ಗ್ರಾಮಸಭೆಯ ನಡಾವಳಿಯಲ್ಲಿ ಮೊದಲೇ ಬರಬೇಕು.

ಈ ಸಲ ಜಾತ್ರೆಗೆ, ಭಾರತ ಹುಣ್ಣಿಮೆಯ ಹೊತ್ತಿಗೆ, ನೀವು ಬರುವುದಾದರೆ ಕಾರನ್ನು ದಾಂಡೇಲಿಯಲ್ಲೇ ಬಿಡಿ. ಉಳವಿಗೆ ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರು. ಅಷ್ಟೂ ಆಗದಿದ್ದರೆ ಗುಂದದಿಂದ ಮುಂದಿನದನ್ನಾದರೂ ನಡೆಯಿರಿ. ಹೊಸ ಬೂಟು ಹಾಕಿಕೊಂಡು ಬರಬೇಡಿ, ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿಯೇ ವಾಸಿ. ಎರಡು ಜೊತೆ ಹತ್ತಿಯ ಕಾಲುಚೀಲ, ಕೊಬ್ಬರಿ ಎಣ್ಣೆ, ಬಿಪಿ-ಶುಗರಿನ ಗುಳಿಗೆ, ಮತ್ತೆ ಮತ್ತೆ ತುಂಬಿಕೊಳ್ಳುವ ಸ್ಟೀಲಿನ ನೀರಿನ ಬಾಟಲಿ ಇರಲಿ. ಬೊಬ್ಬೆ ಎದ್ದರೆ ಒಡೆಯಬೇಡಿ, ಅದರ ಚರ್ಮವೇ ಅದಕ್ಕೆ ಮುಲಾಮು. ಬುಟ್ಟಿಯಲ್ಲಿ ಗೆಡ್ಡೆ ಇಟ್ಟುಕೊಂಡು ಕೂತ ಹೆಂಗಸರು ಕಂಡರೆ ಕೊಂಡು ತಿನ್ನಿ, ಚೌಕಾಸಿ ಮಾಡಬೇಡಿ. ರಾತ್ರಿ ಯಾರದಾದರೂ ಜಗಲಿಯಲ್ಲಿ ಮಲಗಿದರೆ ಬೆಳಿಗ್ಗೆ ಹೊರಡುವ ಮೊದಲು ದುಡ್ಡನ್ನು ಮನೆಯ ಹೆಂಗಸಿನ ಕೈಗೇ ಕೊಡಿ.